ಹಸಿ ಮಣ್ಣಿನ ವಾಸನೆ ಬಂದಾಗ ನಾನು ಎಲ್ಲಿಗೆ ಹೋಗುತ್ತಿದ್ದೆ

ಕರಿಹಲಗೆಯ ಮೇಲೆ ಒಂದು ಸಾಲು ಅರ್ಧಕ್ಕೆ ನಿಂತಿತ್ತು. ‘ಎಲೆಗಳು ಆಹಾರ ತಯಾರಿಸಲು ಸೂರ್ಯನ’ ಅಂತ ಬರೆದಿದ್ದೆ, ಅಷ್ಟೇ. ಸೀಮೆಸುಣ್ಣ ಇನ್ನೂ ಹಲಗೆಗೆ ತಾಗಿಕೊಂಡೇ ಇತ್ತು. ಹಿಂದಿನಿಂದ ಯಾರೋ ‘ಟೀಚರ್, ಟೀಚರ್’ ಅಂತ ಕರೆಯುತ್ತಿದ್ದರು. ಆ ದನಿ ಬಾವಿಯ ತಳದಿಂದ ಬಂದ ಹಾಗಿತ್ತು. ತಿರುಗಿ ನೋಡಿದರೆ ಎಂಟನೇ ಕ್ಲಾಸಿನ ಅಷ್ಟೂ ಮಕ್ಕಳು ಸದ್ದಿಲ್ಲದೆ ನನ್ನನ್ನೇ ನೋಡುತ್ತಿದ್ದಾರೆ. ಆ ವಯಸ್ಸಿನ ಮಕ್ಕಳು ಸುಮ್ಮನೆ ಕೂರಬೇಕಾದರೆ ಏನೋ ದೊಡ್ಡದೇ ಆಗಿರಬೇಕು. ‘ಹತ್ತು ನಿಮಿಷದಿಂದ ಹಂಗ ನಿಂತೀರಿ ಟೀಚರ್’ ಅಂದಳು ಮುಂದಿನ ಬೆಂಚಿನವಳು. ನನ್ನ ಲೆಕ್ಕದಲ್ಲಿ ಒಂದು ಕ್ಷಣವೂ ಕಳೆದಿರಲಿಲ್ಲ.

ಅದು 2022ರ ಜೂನ್, ಊರು ಧಾರವಾಡ. ಹೊರಗೆ ಮಳೆ ಶುರುವಾಗಿತ್ತು. ಮೈದಾನದ ಮಣ್ಣು ನೆನೆದು ಅದರ ವಾಸನೆ ಕಿಟಕಿಯಿಂದ ಒಳಗೆ ಬಂದಿತ್ತು. ಈ ವಾಸನೆ ಅಂದ್ರೆ ಜನಕ್ಕೆ ಪ್ರಾಣ. ಮೊದಲ ಮಳೆ ಬಿದ್ದ ದಿನ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಅದೇ ಹೊಗಳಿಕೆ. ನನಗೆ ಆ ವಾಸನೆ ಬಂದರೆ ನಾನೇ ಇರುವುದಿಲ್ಲ.

ಇದಕ್ಕೆ ಒಂದು ಹೆಸರಿದೆ ಅಂತ ಆಗ ಗೊತ್ತಿರಲಿಲ್ಲ. ಅವ್ವ ಇದಕ್ಕೆ ‘ಮಂಕು’ ಅನ್ನುತ್ತಿದ್ದಳು. ‘ಯವ್ವಾ, ಎಲ್ಲಿ ಅದೀ?’ ಅಂತ ಭುಜ ಅಲುಗಿಸಿ ಕೇಳುತ್ತಿದ್ದಳು. ‘ಇಲ್ಲೇ ಅದೀನಿ ಬೇ’ ಅನ್ನುತ್ತಿದ್ದೆ. ಅದು ಸುಳ್ಳು. ನಾನು ಮನಸ್ಸಿನಲ್ಲೇ ಇದಕ್ಕೆ ‘ಕಳಚಿಕೊಳ್ಳೋದು’ ಅಂತ ಹೆಸರಿಟ್ಟುಕೊಂಡಿದ್ದೆ. ಕೈಬಳೆ ಕಳಚಿ ಮೇಜಿನ ಮೇಲೆ ಇಟ್ಟ ಹಾಗೆ ಮೈಯನ್ನು ಒಂದು ಕಡೆ ಇಟ್ಟು, ನಾನು ಇನ್ನೊಂದು ಕಡೆ ಹೋಗಿಬಿಡುತ್ತಿದ್ದೆ. ಬೇಕು ಅಂತ ಹೋಗುತ್ತಿದ್ದದ್ದಲ್ಲ. ಹೋಗಿದ್ದೆ ಅನ್ನುವುದೂ ವಾಪಸ್ ಬಂದ ಮೇಲೆಯೇ ತಿಳಿಯುತ್ತಿತ್ತು.

ಬರೀ ವಾಸನೆಗಷ್ಟೇ ಅಲ್ಲ. ಯಾರಾದರೂ ಕೂಗಾಡಿದರೂ ಆಗುತ್ತಿತ್ತು, ಲಿಫ್ಟಿನಲ್ಲಿ ಆಗುತ್ತಿತ್ತು, ದಂತವೈದ್ಯರ ಕುರ್ಚಿಯಲ್ಲಿ ಅಂತೂ ಖಾತ್ರಿ. ಕೆಲವೊಮ್ಮೆ ಸುತ್ತಲಿನದೆಲ್ಲ ಗಾಜಿನ ಆಚೆ ಇದ್ದ ಹಾಗೆ ಕಾಣುತ್ತಿತ್ತು. ಕೆಲವೊಮ್ಮೆ ನನ್ನ ಕೈ ನನ್ನದಲ್ಲ ಅನ್ನಿಸುತ್ತಿತ್ತು. ಒಮ್ಮೆ ಸ್ಕೂಟಿಯಲ್ಲಿ ಮನೆಗೆ ಹೊರಟವಳು ಉಣಕಲ್ ಕೆರೆಯ ಹತ್ತಿರ ನಿಂತಿದ್ದೆ. ಅಲ್ಲಿಗೆ ಬಂದ ದಾರಿ ನೆನಪಿಲ್ಲ. ಪೆಟ್ರೋಲ್ ಮುಳ್ಳು ಕೆಳಗಿಳಿದಿತ್ತು, ಅದೊಂದೇ ಸಾಕ್ಷಿ.

ಇದು ಎಲ್ಲಿಂದ ಬಂತು ಅಂತ ಈಗ ಗೊತ್ತು. ಆಗಲೂ ಗೊತ್ತಿತ್ತು ಅನ್ನಿ. ಆದರೆ ಎರಡಕ್ಕೂ ಗಂಟು ಹಾಕಿ ನೋಡಿರಲಿಲ್ಲ.

ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭೆಯ ದಂಡೆಯಲ್ಲಿ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಹಸ್ತ ಮಳೆ. ಉತ್ತರ ಕರ್ನಾಟಕದವರಿಗೆ ಆ ವರ್ಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ನದಿ ತುಂಬಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಆದರೆ ಜೀವ ಹೋದದ್ದು ಬರೀ ನೀರಿನಲ್ಲಿ ಕೊಚ್ಚಿಕೊಂಡಲ್ಲ. ನಮ್ಮ ಕಡೆಯ ಹಳೇ ಮನೆಗಳ ಮೇಲೆ ಹೆಂಚಿರುವುದಿಲ್ಲ, ಮಣ್ಣಿನ ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು. ಬಿಸಿಲಿಗೆ ಅಂಥ ತಂಪು ಮನೆ ಇನ್ನೊಂದಿಲ್ಲ. ಆದರೆ ಮಣ್ಣು ದಿನಗಟ್ಟಲೆ ನೀರು ಕುಡಿದರೆ ಅದರ ಭಾರ ಗೋಡೆಗೆ ತಡೆಯುವುದಿಲ್ಲ. ಗೋಡೆಯೂ ಮಣ್ಣಿನದೇ ಅಲ್ವಾ?

ನನಗಾಗ ಹನ್ನೆರಡು. ನಾನು, ಆಯಿ (ನಾವು ಅಜ್ಜಿಗೆ ಹಾಗನ್ನುತ್ತೇವೆ) ಪಡಸಾಲೆಯಲ್ಲಿ ಮಲಗಿದ್ದೆವು. ಮಾಳಿಗೆ ಸೋರುತ್ತಿತ್ತು. ಅವ್ವ ಮನೆಯಲ್ಲಿದ್ದ ಬೋಗುಣಿ, ತಂಬಿಗೆ, ಪರಾತ ಎಲ್ಲವನ್ನೂ ಹನಿ ಬೀಳುವ ಕಡೆಗಳಲ್ಲಿ ಇಟ್ಟಿದ್ದಳು. ನಿದ್ದೆ ಹತ್ತುವವರೆಗೂ ಟಪ್, ಟಿಣ್, ಟಪ್ ಅಂತ ಬೇರೆ ಬೇರೆ ಸದ್ದು ಕೇಳುತ್ತಿದ್ದೆ. ಬೆಳಗಿನ ಜಾವ ಅಪ್ಪ, ಅವ್ವ ಎತ್ತುಗಳನ್ನು ಬಿಚ್ಚಿಕೊಂಡು ಬರಲು ಹಿತ್ತಲಿಗೆ ಹೋಗಿದ್ದಾಗ ಮಾಳಿಗೆ ಬಿತ್ತು.

ಒಂದು ತೊಲೆ ಜೋಳದ ಚೀಲಗಳ ಮೇಲೆ ಓರೆಯಾಗಿ ನಿಂತಿತು. ಅದರ ಕೆಳಗಿನ ಸಂದಿಯಲ್ಲಿ ನಾನಿದ್ದೆ. ತೆಗೆಯಲು ನಾಲ್ಕು ತಾಸು ಹಿಡಿಯಿತಂತೆ. ಆಯಿಯ ಕೈ ನನ್ನ ಕೈಯಲ್ಲಿತ್ತು. ಅವಳ ಉಳಿದ ಮೈ ನನಗೆ ಕಾಣುತ್ತಿರಲಿಲ್ಲ. ಇಲ್ಲಿಗೆ ಸಾಕು, ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ತಿಳಿಯುತ್ತದೆ.

ಒಂದು ವಿಷಯ ಮಾತ್ರ ಹೇಳಲೇಬೇಕು. ಸ್ವಲ್ಪ ಹೊತ್ತಾದ ಮೇಲೆ ನಾನು ಆ ಸಂದಿಯಲ್ಲಿ ಇರಲಿಲ್ಲ. ಬಿದ್ದ ಮಾಳಿಗೆಯ ಮೇಲೆ, ಮಳೆಯಲ್ಲಿ, ಆರಾಮಾಗಿ ಕೂತಿದ್ದೆ. ಕೆಳಗೆ ಒಬ್ಬ ಹುಡುಗಿ ಸಿಕ್ಕಿಹಾಕಿಕೊಂಡಿದ್ದಾಳೆ, ಅವಳಿಗೆ ಚಳಿ ಆಗುತ್ತಿರಬೇಕು ಪಾಪ ಅಂದುಕೊಂಡೆ. ನನಗೆ ಚಳಿ ಇರಲಿಲ್ಲ, ನೋವೂ ಇರಲಿಲ್ಲ. ಎಡಗಾಲಿನ ಎಲುಬು ಮುರಿದಿತ್ತು ಅಂತ ಆಸ್ಪತ್ರೆಯಲ್ಲೇ ತಿಳಿದದ್ದು.

ಹೊರಗೆ ತೆಗೆದಾಗ ನಾನು ಅಳಲಿಲ್ಲ. ‘ಗಟ್ಟಿ ಹುಡುಗಿ’ ಅಂದರು ಜನ. ತಗಡಿನ ಶೆಡ್ಡಿನಲ್ಲಿದ್ದಾಗಲೂ ಅಳಲಿಲ್ಲ. ಆಮೇಲೆ ‘ಆಸರೆ’ ಯೋಜನೆಯ ಮನೆ ಬಂತು, ಗಟ್ಟಿ ಸ್ಲ್ಯಾಬಿನದು. ಆ ಮನೆಯಲ್ಲಿ ಒಂದು ಹನಿಯೂ ಸೋರುವುದಿಲ್ಲ. ಆದರೂ ಜೋರು ಮಳೆ ಬಂದರೆ ಅವ್ವ ಬೋಗುಣಿ, ತಂಬಿಗೆ ತಂದು ನೆಲದ ಮೇಲೆ ಅಲ್ಲಲ್ಲಿ ಇಡುತ್ತಾಳೆ. ನಾನು, ತಮ್ಮ ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ಶಾಲೆಯಲ್ಲಿ ಹಾಗಾದ ಮೇಲೆ ಮುಖ್ಯೋಪಾಧ್ಯಾಯರು ಮನೆಗೆ ಫೋನ್ ಮಾಡಿದರು. ಅವ್ವ ಮಾರನೇ ದಿನವೇ ಊರಿನಿಂದ ಬಂದಳು. ಅವಳ ಪ್ರಕಾರ ಇದು ಗಾಳಿ. ಪಕ್ಕದ ಮನೆಯ ಅತ್ತೆ ಗಾಣಗಾಪುರಕ್ಕೆ ಹೋಗಿ ಬನ್ನಿ ಅಂದರು. ನಾವು ಲಿಂಗಾಯತರು, ನಮ್ಮ ಮನೆ ದತ್ತಾತ್ರೇಯನ ಒಕ್ಕಲಲ್ಲ. ಕಷ್ಟಕ್ಕೆ ಬಿದ್ದಾಗ ಅದನ್ನೆಲ್ಲ ಯಾರು ನೋಡುತ್ತಾರೆ? ಆಗಸ್ಟಿನಲ್ಲಿ ಹೋದೆವು.

ಗಾಣಗಾಪುರ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿದೆ. ಅಲ್ಲಿ ಭೀಮಾ, ಅಮರಜಾ ನದಿಗಳ ಸಂಗಮ ಇದೆ. ಬೆಳಿಗ್ಗೆ ಅಲ್ಲಿ ಮುಳುಗೆದ್ದು, ಮಧ್ಯಾಹ್ನದ ಮಹಾಮಂಗಳಾರತಿಗೆ ಗುಡಿಗೆ ಬಂದೆವು. ನಗಾರಿ ಶುರುವಾದ ಕೂಡಲೇ ಸುತ್ತ ನಿಂತಿದ್ದ ಹೆಂಗಸರಲ್ಲಿ ನಾಲ್ಕೈದು ಮಂದಿ ಕೂಗಲು ಶುರುಮಾಡಿದರು. ಕೆಲವರು ಕಂಬ, ಸರಳು ಹಿಡಿದು ಮೇಲೆ ಏರುತ್ತಿದ್ದರು. ನನ್ನ ಪಕ್ಕದಲ್ಲೇ ಇದ್ದ ಒಬ್ಬಳಿಗೆ ನನ್ನದೇ ವಯಸ್ಸು ಇರಬೇಕು. ಸೀರೆ ಸೆರಗು ಸೊಂಟಕ್ಕೆ ಬಿಗಿದಿದ್ದಳು. ಗಂಡಸಿನ ದನಿಯಲ್ಲಿ ಯಾರನ್ನೋ ಬೈದಳು, ತಲೆ ತಿರುಗಿಸಿದಳು, ಬಿದ್ದಳು. ಆರತಿ ಮುಗಿಯಿತು. ಅವಳು ಎದ್ದು ಕೂತು ನೀರು ಕೇಳಿದಳು. ಅವಳ ಅತ್ತೆ ಇರಬೇಕು, ತಲೆಗೂದಲು ಬಿಡಿಸಿ ಜಡೆ ಹಾಕಲು ಕೂತರು. ಆ ಬೈಗುಳ ಯಾರಿಗೆ ಅಂತ ಅಲ್ಲಿದ್ದವರು ಯಾರೂ ಕೇಳಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ನಿಜವಾಗಿ. ಅವಳಿಗೆ ಕೂಗಲು ಒಂದು ಜಾಗ, ಒಂದು ಹೊತ್ತು, ಆಮೇಲೆ ಜಡೆ ಹಾಕಲು ಒಂದು ಕೈ ಇತ್ತು.

ನನಗೇನೂ ಆಗಲಿಲ್ಲ. ನಗಾರಿ ಜೋರಾದಾಗ ಯಥಾಪ್ರಕಾರ ಕಳಚಿಕೊಂಡೆ. ‘ನಿಮ್ಮ ಮಗಳ ಮೈಯಾಗ ಏನೂ ಇಲ್ಲವ್ವ, ಶಾಂತ ನಿಂತಾಳ ನೋಡ್ರಿ’ ಅಂದರು ಅಲ್ಲಿ ಯಾರೋ. ಸರಿಯಾಗೇ ಹೇಳಿದ್ದರು. ನನ್ನ ಮೈಯಲ್ಲಿ ಯಾರೂ ಇರಲಿಲ್ಲ, ನಾನೂ ಇರಲಿಲ್ಲ.

ಅದಾದ ಮೇಲೆ ನಾನು ಮಾಡಿದ ಕೆಲಸ ಇನ್ನೂ ದೊಡ್ಡದು. ಗೆಳತಿಯೊಬ್ಬಳ ಮಾತು ಕೇಳಿ ಡಿಸೆಂಬರ್ ರಜೆಯಲ್ಲಿ ಹತ್ತು ದಿನದ ಮೌನ ಧ್ಯಾನ ಶಿಬಿರಕ್ಕೆ ಸೇರಿದೆ. ಎಲ್ಲಿ, ಯಾವುದು ಅಂತ ಹೇಳುವುದಿಲ್ಲ, ತಪ್ಪು ಪೂರ್ತಿ ಅವರದಲ್ಲ. ಅರ್ಜಿಯಲ್ಲಿ ‘ಮಾನಸಿಕ ತೊಂದರೆ ಇದೆಯೇ’ ಅಂತ ಕೇಳಿದ್ದರು. ನಾನು ‘ಇಲ್ಲ’ ಅಂತ ಬರೆದೆ. ಮಂಕು ಒಂದು ತೊಂದರೆ ಅಂತ ಯಾರಿಗೆ ಗೊತ್ತಿತ್ತು?

ಕಣ್ಣು ಮುಚ್ಚಿ, ಉಸಿರು ನೋಡುತ್ತಾ, ದಿನಕ್ಕೆ ಹತ್ತು ತಾಸು ಕೂರಬೇಕು. ಎರಡನೇ ದಿನಕ್ಕೆ ಉಳಿದವರೆಲ್ಲ ಸೊಂಟ ನೋವು, ಮೊಣಕಾಲು ನೋವು ಅಂತ ಒದ್ದಾಡುತ್ತಿದ್ದರು. ನನಗೆ ನೋವೇ ಇಲ್ಲ. ಗಂಟೆಗಟ್ಟಲೆ ಕಲ್ಲಿನಂತೆ ಕೂತಿರುತ್ತಿದ್ದೆ. ಮೂರನೇ ದಿನ ಶಿಬಿರದ ಗುರುಗಳು ಕರೆದು ಕೇಳಿದರು. ‘ಮೈ ಇದೆ ಅಂತಲೇ ಅನ್ನಿಸ್ತಿಲ್ಲ, ನನ್ನನ್ನ ನಾನು ದೂರದಿಂದ ನೋಡ್ತಿದೀನಿ’ ಅಂದೆ. ಅವರ ಮುಖ ಅರಳಿತು. ‘ಸಾಕ್ಷಿಭಾವ! ಕೆಲವರಿಗೆ ಇದಕ್ಕೆ ವರ್ಷಗಳೇ ಬೇಕು’ ಅಂದರು.

ಈಗಲೂ ಆ ಮಾತು ನೆನೆದರೆ ಒಂಥರಾ ನಗು ಬರುತ್ತದೆ. ಹದಿಮೂರು ವರ್ಷದಿಂದ ನಾನು ಯಾವುದರಿಂದ ಒದ್ದಾಡುತ್ತಿದ್ದೆನೋ ಅದಕ್ಕೇ ಪ್ರಶಸ್ತಿ ಸಿಕ್ಕಿತ್ತು. ಖುಷಿಯೂ ಆಯಿತು. ನನ್ನ ಕಾಯಿಲೆ ಕಾಯಿಲೆಯಲ್ಲ, ಪೂರ್ವಜನ್ಮದ ಪುಣ್ಯ ಅಂತಾದರೆ ಯಾರಿಗೆ ಖುಷಿಯಾಗುವುದಿಲ್ಲ ಹೇಳಿ? ಇನ್ನೂ ಒಳಗೆ ಹೋದೆ. ಆರನೇ ದಿನ ಮಧ್ಯಾಹ್ನ ಊಟದ ತಟ್ಟೆ ತೊಳೆಯುತ್ತಿದ್ದಾಗ ನಲ್ಲಿಯ ಕೆಳಗಿದ್ದ ಕೈಗಳು ಯಾರವು ಅಂತ ತಿಳಿಯಲಿಲ್ಲ. ನೀರು ತಣ್ಣಗಿದೆಯೋ ಬಿಸಿಯಿದೆಯೋ ಗೊತ್ತಾಗಲಿಲ್ಲ. ಕನ್ನಡಿಯಲ್ಲಿ ಪರಿಚಯದ ಹೆಂಗಸೊಬ್ಬಳು ಕಂಡಳು. ಈ ಸಲ ವಾಪಸ್ ಬರಲಿಲ್ಲ. ಮನೆಗೆ ಬಂದ ಮೇಲೂ ಮೂರು ವಾರ ಹಾಗೇ ಇದ್ದೆ. ಪಾಠ ಮಾಡುತ್ತಿದ್ದೆ, ಅನ್ನ ಮಾಡುತ್ತಿದ್ದೆ, ಎಲ್ಲವನ್ನೂ ಬೇರೆ ಯಾರೋ ಮಾಡುತ್ತಿದ್ದರು.

ಸಾಕ್ಷಿಭಾವ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದನ್ನು ನಿಜವಾಗಿ ಕಂಡವರು ಇರಬಹುದು. ಆದರೆ ಹೊರಗಿನಿಂದ ನೋಡಿದರೆ ಶಾಂತವಾದ ಮೈಗೂ ಮರಗಟ್ಟಿದ ಮೈಗೂ ವ್ಯತ್ಯಾಸ ಕಾಣುವುದಿಲ್ಲ. ಒಳಗಿದ್ದವರಿಗೆ ಗೊತ್ತಾಗುತ್ತದೆ, ಆದರೆ ಒಳಗೆ ಯಾರಾದರೂ ಇರಬೇಕಲ್ಲ! ನನಗೆ ಈಗ ಗೊತ್ತಿರುವ ಗುರುತು ಇಷ್ಟು: ಧ್ಯಾನದಿಂದ ಎದ್ದವರಿಗೆ ಚಹಾದ ರುಚಿ ಹೆಚ್ಚಾಗುತ್ತದಂತೆ. ನನಗೆ ರುಚಿಯೇ ಹೋಗಿತ್ತು.

2023ರ ಜನವರಿಯಲ್ಲಿ ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ-ಮಾನಸ್ ಸಹಾಯವಾಣಿ, ಕೆಲವೇ ತಿಂಗಳ ಹಿಂದೆ, 2022ರ ಅಕ್ಟೋಬರ್ 10ಕ್ಕೆ, ಶುರುವಾಗಿತ್ತು. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳಿಗೆ ನಾನು ಮೊದಲು ಹೇಳಿದ ಮಾತು ‘ನಾನು ಇಲ್ಲ ಅನ್ನಿಸ್ತದ ರೀ’ ಅಂತ. ಅವರು ಗಾಬರಿಯಾಗಲಿಲ್ಲ. ‘ಈಗ ಕೂತಿದ್ದೀರಾ, ನಿಂತಿದ್ದೀರಾ?’ ಅಂತ ಕೇಳಿದರು. ನೋಡಿಕೊಂಡು ಹೇಳಬೇಕಾಯಿತು. ಕೂತಿದ್ದೆ. ‘ಪಾದದ ಕೆಳಗೆ ಏನಿದೆ?’ ಅಂದರು. ಕಡಪಾ ಕಲ್ಲು. ‘ತಣ್ಣಗಿದೆಯಾ?’ ಸುಮಾರು ಹೊತ್ತಾದ ಮೇಲೆ ಹೌದು ಅಂದೆ. ಮೂರು ವಾರದಲ್ಲಿ ನನಗೆ ತಾಗಿದ ಮೊದಲ ವಸ್ತು ಆ ಕಲ್ಲು.

ಅವರ ಮಾತಿನಂತೆ ಮನೋವೈದ್ಯರ ಹತ್ತಿರ ಹೋದೆ. ಡಾಕ್ಟರು ಮೊದಲು ಮಾಡಿಸಿದ್ದು ರಕ್ತ ಪರೀಕ್ಷೆ, ಇಇಜಿ. ತಲೆಗೆಲ್ಲ ತಂತಿ ಅಂಟಿಸಿ ಮಿದುಳಿನ ವಿದ್ಯುತ್ತನ್ನು ನೋಡುತ್ತಾರಲ್ಲ, ಅದು. ಕೆಲವು ಬಗೆಯ ಫಿಟ್ಸ್‌ನಲ್ಲೂ ಮನುಷ್ಯ ಹೀಗೇ ಕಣ್ಣು ನೆಟ್ಟು ನಿಲ್ಲುತ್ತಾನೆ, ಆಮೇಲೆ ನೆನಪಿರುವುದಿಲ್ಲ. ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬಾರದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇದನ್ನು ಓದಿ ‘ನನಗೂ ಹೀಗೇ’ ಅನ್ನಿಸಿದವರು ನೇರವಾಗಿ ಬಾಲ್ಯದ ನೋವು ಹುಡುಕಲು ಕೂರಬೇಡಿ. ಮೊದಲು ಪರೀಕ್ಷೆ ಮಾಡಿಸಿ.

ನನ್ನದರಲ್ಲಿ ಏನೂ ಸಿಗಲಿಲ್ಲ. ಆಗ ಡಾಕ್ಟರು ‘ಡಿಸೋಸಿಯೇಷನ್’ ಅನ್ನುವ ಮಾತು ಹೇಳಿದರು. ಕನ್ನಡದಲ್ಲಿ ವಿಘಟನೆ ಅಂತ ಬರೆಯುತ್ತಾರಂತೆ. ನನ್ನ ‘ಕಳಚಿಕೊಳ್ಳೋದು’ ಅದಕ್ಕಿಂತ ಚೆನ್ನಾಗಿದೆ ಅಂತ ಅವರೂ ಒಪ್ಪಿದರು. ಅವರು ವಿವರಿಸಿದ್ದು ಹೀಗೆ. ಅಪಾಯ ಬಂದಾಗ ಮೈ ಮೊದಲು ಓಡಲು ನೋಡುತ್ತದೆ, ಇಲ್ಲ ಹೊಡೆದಾಡಲು ನೋಡುತ್ತದೆ. ಎರಡಕ್ಕೂ ದಾರಿ ಇಲ್ಲದಿದ್ದರೆ ಮೂರನೆಯದು, ಒಳಗಿನ ಫ್ಯೂಸ್ ತೆಗೆದುಬಿಡುತ್ತದೆ. ನೋವು ತಾಗುವುದಿಲ್ಲ, ಹೊತ್ತು ಗೊತ್ತಾಗುವುದಿಲ್ಲ, ಇದು ನನಗಲ್ಲ ಇನ್ಯಾರಿಗೋ ಆಗುತ್ತಿದೆ ಅನ್ನಿಸುತ್ತದೆ. ಮಣ್ಣಿನ ಕೆಳಗೆ ನಾಲ್ಕು ತಾಸು ಇದ್ದ ಮಗುವಿಗೆ ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ತೊಂದರೆ ಏನಂದರೆ, ಮಣ್ಣು ತೆಗೆದ ಮೇಲೂ ಫ್ಯೂಸ್ ವಾಪಸ್ ಸರಿಯಾಗಿ ಕೂರಲಿಲ್ಲ. ಸಣ್ಣ ನೆಪ ಸಿಕ್ಕರೂ ಹಾರುತ್ತದೆ.

ಗಾಣಗಾಪುರದ ವಿಷಯ ಹೇಳಲು ನಾಚಿಕೆಯಾಗುತ್ತಿತ್ತು. ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರಿಂದ ಜಾರಿಗೆ ಬಂದಿದೆ. ಅದರಲ್ಲಿ ಮೈಮೇಲೆ ಬರುವುದಕ್ಕೂ ಒಂದು ಹೆಸರಿದೆಯಂತೆ, ಡಿಸೋಸಿಯೇಷನ್ ಗುಂಪಿನಲ್ಲೇ. ಆದರೆ ಜೊತೆಗೆ ಒಂದು ಷರತ್ತೂ ಇದೆ. ಆ ಸಮುದಾಯದ ಆಚರಣೆಯಲ್ಲಿ, ಪೂಜೆಯಲ್ಲಿ ಒಪ್ಪಿತವಾಗಿ ಬರುವಂಥದ್ದಾದರೆ ಅದು ರೋಗವಲ್ಲ. ಬೇಡ ಅಂದರೂ ಬರುವುದು, ಬದುಕನ್ನು ಕೆಡಿಸುವುದು, ಅದಷ್ಟೇ ರೋಗ. ನನಗೆ ಆ ಷರತ್ತು ಇಷ್ಟವಾಯಿತು. ನನಗೆ ಹೊಟ್ಟೆಕಿಚ್ಚು ಹುಟ್ಟಿಸಿದ ಆ ಹೆಂಗಸು ಯಾವ ಕಡೆಗೆ ಸೇರುತ್ತಾಳೆ ಅಂತ ನನಗೆ ಹೇಳಲಾಗುವುದಿಲ್ಲ. ಅವಳ ಮನೆಯಲ್ಲಿ ಏನು ನಡೆಯುತ್ತಿತ್ತು ಅನ್ನುವುದರ ಮೇಲೆ ಅದು ನಿಂತಿದೆ.

ಈ ವಿದ್ಯೆಯೇನೂ ಹೊಸದಲ್ಲ. ಫ್ರಾನ್ಸಿನ ಪಿಯರ್ ಜಾನೆ 1889ರಲ್ಲೇ ಇದರ ಬಗ್ಗೆ ದೊಡ್ಡ ಗ್ರಂಥ ಬರೆದಿದ್ದ. ತಡೆಯಲಾಗದ ಅನುಭವ ಉಳಿದ ನೆನಪುಗಳ ಜೊತೆ ಸೇರದೆ ಬೇರೆಯೇ ಉಳಿದುಬಿಡುತ್ತದೆ, ಆಮೇಲೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ ಅಂತ. ಮೊದಲು ರೋಗಿಯನ್ನು ಸ್ಥಿರ ಮಾಡು, ಆಮೇಲೆ ನೆನಪಿಗೆ ಕೈ ಹಾಕು, ಕೊನೆಗೆ ಬದುಕಿಗೆ ಸೇರಿಸು ಅನ್ನುವ ಮೂರು ಹಂತಗಳ ದಾರಿಯ ಬುಡವೂ ಅವನದೇ. ಇದಕ್ಕೆಂದೇ ಮಾತ್ರೆ ಇಲ್ಲ. ನನಗೆ ನಿದ್ದೆಗೆ ಕೆಲವು ತಿಂಗಳು ಸಣ್ಣ ಡೋಸಿನ ಒಂದು ಮಾತ್ರೆ ಕೊಟ್ಟರು, ಆಮೇಲೆ ಅವರೇ ನಿಲ್ಲಿಸಿದರು. ಉಳಿದದ್ದೆಲ್ಲ ಮಾತು. ಅದಕ್ಕೆ ಒಬ್ಬ ಮೇಡಂ ಹತ್ತಿರ ಕಳಿಸಿದರು.

ಮೇಡಂ ಮೊದಲ ದಿನ 28 ಪ್ರಶ್ನೆಗಳ ಒಂದು ಪಟ್ಟಿ ಓದಿದರು. ಪ್ರಯಾಣದಲ್ಲಿ ದಾರಿಯ ಒಂದು ಭಾಗ ನೆನಪಿಲ್ಲದೆ ಹೋಗುತ್ತದೆಯೇ, ನಿಮ್ಮ ಪಕ್ಕ ನೀವೇ ನಿಂತ ಹಾಗೆ ಅನ್ನಿಸಿದೆಯೇ, ಕನ್ನಡಿಯಲ್ಲಿ ನಿಮ್ಮ ಗುರುತು ಸಿಗದೆ ಹೋಗಿದೆಯೇ ಅಂತ. ಇಂಥ ಪಟ್ಟಿಯನ್ನು ಯಾರೋ 1986ರಲ್ಲೇ ಮಾಡಿಟ್ಟಿದ್ದಾರೆ ಅಂದರೆ, ನನ್ನ ಹಾಗೆ ಎಷ್ಟು ಜನ ಇರಬೇಕು! ಅವತ್ತು ಮನೆಗೆ ಹೋಗುವಾಗ ಲೈನ್ ಬಜಾರಿನಲ್ಲಿ ಪೇಢೆ ತೆಗೆದುಕೊಂಡೆ. ರುಚಿ ಅಷ್ಟಾಗಿ ಹತ್ತಲಿಲ್ಲ, ಆದರೂ ತಗೊಂಡೆ.

ಆಮೇಲಿನ ಐದು ತಿಂಗಳು ಬೇಸರದವು. ಸಿನಿಮಾದಲ್ಲಿ ತೋರಿಸುವ ಹಾಗೆ ಮಂಚದ ಮೇಲೆ ಮಲಗಿ ಅಳುವುದು ಗಿಳುವುದು ಏನೂ ಇರಲಿಲ್ಲ. ಕೋಣೆಯಲ್ಲಿ ಕಾಣುವ ಐದು ವಸ್ತು ಹೇಳಿ, ಮುಟ್ಟುವ ನಾಲ್ಕು, ಕೇಳುವ ಮೂರು, ವಾಸನೆಯ ಎರಡು, ರುಚಿಯ ಒಂದು. ನಾನು ದಿನಾ ಮಕ್ಕಳಿಗೆ ಮಾಡಿಸುವಂಥದ್ದೇ. ಕಳಚಿಕೊಳ್ಳುವ ಮುಂಚೆ ಮೈಯಲ್ಲಿ ಏನಾಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಮೊದಮೊದಲು ಏನೂ ಆಗುವುದಿಲ್ಲ ಅಂತ ಬರೆದೆ. ಎರಡನೇ ತಿಂಗಳಿಗೆ ಒಂದು ವಿಷಯ ಸಿಕ್ಕಿತು: ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಸದ್ದು ದೂರ ಹೋಗುತ್ತದೆ. ಈ ಎರಡರ ನಡುವೆ ಒಂದಿಷ್ಟು ಸೆಕೆಂಡು ಇರುತ್ತದೆ. ಏನು ಮಾಡುವುದಿದ್ದರೂ ಅಷ್ಟರಲ್ಲೇ ಮಾಡಬೇಕು.

ಮೇಡಂ ಬೇರೆ ಬೇರೆ ಮಾಡಿಸಿ ನೋಡಿದರು. ಐಸ್ ಹಿಡಿಸಿದರು, ಉಪಯೋಗವಾಗಲಿಲ್ಲ, ಚಳಿ ನನಗೆ ಆ ರಾತ್ರಿಯದ್ದೇ. ಉಸಿರು ಗಮನಿಸುವುದಂತೂ ಬೇಡವೇ ಬೇಡ. ಕೊನೆಗೆ ಕೆಲಸಕ್ಕೆ ಬಂದದ್ದು ಲಿಂಬೆಹಣ್ಣು. ತುಟಿ ಜುಮ್ಮೆಂದ ಕೂಡಲೇ ಒಂದು ಹೋಳು ಕಚ್ಚಬೇಕು. ಆ ಹುಳಿಗೆ ಹಲ್ಲು ಜುಮ್ಮೆಂದು, ದವಡೆಯ ಹಿಂದೆ ನೀರೂರಿ, ಕಣ್ಣು ಮುಚ್ಚಿಕೊಂಡು, ಮುಖ ಕಿವುಚುತ್ತದಲ್ಲ, ಅಲ್ಲಿ ನಾನು ಸಿಗುತ್ತಿದ್ದೆ. ಟಿಫಿನ್ ಡಬ್ಬಿಯಲ್ಲಿ ಉಪ್ಪು ಹಚ್ಚಿದ ಹೋಳು ದಿನಾ ಇರುತ್ತಿತ್ತು. ಸ್ಟಾಫ್‌ರೂಮಿನಲ್ಲಿ ನನಗೆ ವಿಶೇಷ ಇದೆ ಅಂತ ಸುದ್ದಿ ಹಬ್ಬಿತು. ಮದುವೆಯಾಗದವಳಿಗೆ! ಒಬ್ಬರಂತೂ ಬಂದು ಬುದ್ಧಿ ಹೇಳಿ ಹೋದರು.

ಒಂದು ಸಲ ಜಗಳವೂ ಆಯಿತು. ಮೂರನೇ ತಿಂಗಳು. ‘ಎಷ್ಟು ದಿನ ಲಿಂಬಿಹಣ್ಣು ತಿನ್ನಲಿ, ಆ ರಾತ್ರಿ ಏನಾಯ್ತು ಅಂತ ಕೇಳ್ರಿ, ಹೇಳಿ ಮುಗಿಸಿಬಿಡ್ತೀನಿ’ ಅಂದೆ. ಅವರು ಬೇಡ ಅಂದರು. ನಾನು ಕೇಳಲಿಲ್ಲ, ಶುರುಮಾಡಿದೆ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ವರದಿ ಓದಿದ ಹಾಗೆ, ಕಣ್ಣಲ್ಲಿ ಒಂದು ಹನಿ ಇಲ್ಲ. ಅವತ್ತಿನಿಂದ ಎರಡು ದಿನ ಏನು ಮಾಡಿದೆ ಅಂತ ಇವತ್ತಿಗೂ ನೆನಪಿಲ್ಲ. ಮುಂದಿನ ವಾರ ಮೇಡಂ, ‘ನಾನು ಇನ್ನೂ ಮುಂಚೆ ತಡೀಬೇಕಿತ್ತು, ಅದು ನನ್ನ ತಪ್ಪು’ ಅಂದರು. ಹಾಗೆ ಹೇಳಿದ ದೊಡ್ಡವರನ್ನು ನಾನು ಅಷ್ಟಾಗಿ ಕಂಡಿರಲಿಲ್ಲ. ಅಲ್ಲಿಂದ ಅವರ ಮೇಲೆ ನಂಬಿಕೆ ಬಂತು. ಕಥೆಯ ವಿವರಗಳನ್ನು ಇಲ್ಲಿ ಬರೆಯದಿರುವುದೂ ಅದಕ್ಕೇ. ನಾನು ಒಳಗೆ ಇಲ್ಲದಿರುವಾಗ ಹೇಳಿದ ಕಥೆ ನನ್ನನ್ನು ಇನ್ನಷ್ಟು ದೂರ ತಳ್ಳುತ್ತದೆ. ಓದುವವರಲ್ಲೂ ಯಾರಿಗಾದರೂ ಹಾಗೆ ಆಗಬಹುದು.

ಒಂದು ದಿನ ಅವರು ಕೇಳಿದರು, ‘ಮನೆಯಲ್ಲಿ ಪೂಜೆ ಏನಾದರೂ ಮಾಡ್ತೀರಾ?’ ಶಿಬಿರದ ಅನುಭವದ ಮೇಲೆ ದೇವರು, ಧ್ಯಾನ ಎರಡರ ಸಹವಾಸವೂ ಬೇಡ ಅಂತ ಬಿಟ್ಟಿದ್ದೆ. ‘ಕಣ್ಣು ಮುಚ್ಚುವುದು ನನಗೆ ಆಗಿಬರುವುದಿಲ್ಲ’ ಅಂದೆ. ಅವರು, ‘ಕಣ್ಣು ತೆರೆದು ಮಾಡುವಂಥದ್ದು ನಿಮ್ಮಲ್ಲಿ ಏನೂ ಇಲ್ವಾ?’ ಅಂದರು.

ಅವರು ಬೇರೆ ಜಾತಿಯವರು, ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ಇಷ್ಟಲಿಂಗ ಪೂಜೆ ಮಾಡುವುದೇ ಕಣ್ಣು ತೆರೆದು. ಆಯಿ ದಿನಾ ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಕೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅದನ್ನೇ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಯಾವಾಗ ಮುಗಿಯುತ್ತದೋ, ಯಾವಾಗ ಬೆಲ್ಲ ಕೊಡುತ್ತಾಳೋ ಅಂತ ಕಾಯುತ್ತಿದ್ದೆ. ಆಯಿಯನ್ನು ಮಣ್ಣು ಮಾಡಿದಾಗ, ನಮ್ಮ ಪದ್ಧತಿಯಂತೆ, ಅವಳ ಲಿಂಗವನ್ನು ಅದೇ ಅಂಗೈಯಲ್ಲಿ ಇಟ್ಟರಂತೆ. ನಾನಾಗ ಆಸ್ಪತ್ರೆಯಲ್ಲಿದ್ದೆ, ನೋಡಲಿಲ್ಲ.

ನನಗೆ ಚಿಕ್ಕಂದಿನಲ್ಲಿ ಕಟ್ಟಿದ ಲಿಂಗ ಊರಿನ ಟ್ರಂಕಿನಲ್ಲಿತ್ತು. ತಂದೆ. ಮೊದಲ ದಿನ ಎರಡೇ ನಿಮಿಷ, ಮೊಬೈಲಿನಲ್ಲಿ ಟೈಮರ್ ಇಟ್ಟು. ಮೇಡಂ ಕಟ್ಟಪ್ಪಣೆ: ಎರಡು ನಿಮಿಷಕ್ಕಿಂತ ಒಂದು ಸೆಕೆಂಡೂ ಜಾಸ್ತಿ ಬೇಡ. ಅಂಗೈ ಮೇಲೆ ಅದು ಕೂತಾಗ ಇಷ್ಟೇ ಇಷ್ಟು ತೂಕ. ತಂಪು. ನುಣುಪು. ನೀರಿನ ಒಂದು ಹನಿ ಹಾಕಿದರೆ ಅದು ಕಪ್ಪಿನ ಮೇಲೆ ಜಾರಿ ಅಂಗೈ ಗೆರೆಗೆ ಇಳಿಯುತ್ತದೆ. ಕಿಟಕಿಯ ಬೆಳಕು ಅದರ ಮೇಲೆ ಸಾಸಿವೆಯಷ್ಟು ಚುಕ್ಕೆಯಾಗಿ ಕಾಣುತ್ತದೆ. ಕೈ ಅಲುಗಿದರೆ ಚುಕ್ಕೆ ಅಲುಗುತ್ತದೆ. ಹಾಗಾಗಿ ಕೈ ನನ್ನದೇ ಅಂತ ಗೊತ್ತಾಗುತ್ತದೆ. ತೋಳು ನೋಯುತ್ತದೆ, ಆ ನೋವೂ ನನ್ನದೇ. ನನ್ನ ಪಾಲಿಗೆ ಇದು ಮೋಕ್ಷ ಗೀಕ್ಷದ ವಿಷಯವಲ್ಲ. ಶಿಬಿರದಲ್ಲಿ ಮೈಯಿಂದ ಆಚೆ ಹೋಗುವುದನ್ನು ಕಲಿಸುತ್ತಿದ್ದರು, ಅದು ನನಗೆ ಮೊದಲೇ ಬರುತ್ತಿತ್ತು. ನನಗೆ ಬಾರದಿದ್ದದ್ದು ಅಂಗೈಯವರೆಗೆ ವಾಪಸ್ ಬರುವುದು.

ನೆನಪಿನ ಕೆಲಸ ಶುರುವಾದದ್ದು ಆರನೇ ತಿಂಗಳ ಮೇಲೆ. ಇಎಂಡಿಆರ್ ಅನ್ನುತ್ತಾರೆ, 1987ರಲ್ಲಿ ಅಮೆರಿಕದ ಫ್ರಾನ್ಸೀನ್ ಶಪಿರೋ ಶುರುಮಾಡಿದ ಪದ್ಧತಿ. ನೆನಪಿನ ಒಂದು ತುಣುಕನ್ನು ಮನಸ್ಸಿಗೆ ತಂದುಕೊಂಡು ಕಣ್ಣಿನಿಂದ ಮೇಡಂ ಬೆರಳನ್ನು ಹಿಂಬಾಲಿಸಬೇಕು, ಎಡಕ್ಕೆ, ಬಲಕ್ಕೆ. ಕಣ್ಣಾಡಿಸುವುದರಿಂದಲೇ ಗುಣವಾಗುತ್ತದೋ ಇಲ್ಲವೋ ಅಂತ ತಜ್ಞರು ಇನ್ನೂ ಜಗಳ ಆಡುತ್ತಾರಂತೆ. ಆಘಾತದ ನೆನಪಿನಿಂದ ನರಳುವವರಿಗೆ ಇದನ್ನು ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿದೆ. ನನಗೆ ಉಪಯೋಗವಾಯಿತು. ಪವಾಡ ಆಗಲಿಲ್ಲ. ನಾಲ್ಕನೇ ಸಲ ಕೂತಾಗ ಮೊದಲ ಬಾರಿಗೆ ಮಾಳಿಗೆ ಮೇಲಿನಿಂದಲ್ಲ, ಕೆಳಗಿನಿಂದ ನೋಡಿದೆ. ಕತ್ತಲೆ. ಬಾಯಲ್ಲಿ ಮಣ್ಣು. ಕೈಯಲ್ಲಿ ಆಯಿಯ ಕೈ, ಅದರ ಹೆಬ್ಬೆರಳು ನನ್ನ ಅಂಗೈ ಮೇಲೆ ಮೆಲ್ಲಗೆ ಆಡುತ್ತಿತ್ತು. ಇದು ನನಗೆ ಗೊತ್ತೇ ಇರಲಿಲ್ಲ. ಮೇಲೆ ಹೋಗಿ ಕೂತವಳಿಗೆ ಕೆಳಗಿನ ಹೆಬ್ಬೆರಳು ಹೇಗೆ ಗೊತ್ತಾಗಬೇಕು? ಹದಿನಾಲ್ಕು ವರ್ಷದ ಅಳು ಅವತ್ತು ಬಂತು. ಎಡಗಾಲು ನೋಯಿತು. ಮೇಡಂ ನನ್ನ ಕೈಗೆ ಲಿಂಬೆ ಹೋಳು ಕೊಟ್ಟರು. ನಾನು ಬೇಡ ಅಂದೆ, ಇಲ್ಲೇ ಇದ್ದೆ.

ಪೂರ್ತಿ ಹೋಯಿತಾ ಅಂತ ಕೇಳುತ್ತಾರೆ. ಇಲ್ಲ. ಕಳೆದ ವರ್ಷ ಇಡೀ ವರ್ಷಕ್ಕೆ ಆರು ಸಲ ಆಯಿತು, ನೋಟ್‌ಬುಕ್ಕಿನಲ್ಲಿದೆ. ದಂತವೈದ್ಯರಿಗೆ ಮೊದಲೇ ಹೇಳಿ ಕುರ್ಚಿಯಲ್ಲಿ ಕೂರುತ್ತೇನೆ. ಮಳೆಯ ದಿನ ಪಾಠದ ನಡುವೆ ಕಿಟಕಿ ಮುಚ್ಚಲು ಯಾರಾದರೂ ಎದ್ದರೆ ಬೇಡ, ಇರಲಿ ಅನ್ನುತ್ತೇನೆ. ಗಾಣಗಾಪುರಕ್ಕೂ ಇನ್ನೊಮ್ಮೆ ಹೋಗಿ ಬಂದೆ, ಒಬ್ಬಳೇ. ಮಧ್ಯಾಹ್ನದ ಆರತಿಗೆ ನಿಲ್ಲಲಿಲ್ಲ. ಅಲ್ಲಿ ಭಿಕ್ಷೆ ಬೇಡುವ ಪದ್ಧತಿ ಇದೆಯಲ್ಲ, ಬರಿಗಾಲಿನಲ್ಲಿ ಐದು ಮನೆಗೆ ಹೋದೆ. ಕಾದ ಕಲ್ಲಿನ ಮೇಲೆ ಕಾಲು ಚುರ್ ಅಂತಿತ್ತು. ರೊಟ್ಟಿ ಬಿಸಿ ಇತ್ತು.

ಈ ವರ್ಷ ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿದ್ದೆ. ಸಂಜೆ ಅಡ್ಡಮಳೆ ಬಡಿಯಿತು, ಗಾಳಿ, ಗುಡುಗು ಸಮೇತ. ಕರೆಂಟು ಹೋಯಿತು. ಹಿತ್ತಲಿನಿಂದ ಮಣ್ಣಿನ ವಾಸನೆ ಬಂತು. ತುಟಿ ಜುಮ್ಮೆಂದಿತು. ಅಡುಗೆಮನೆಗೆ ಹೋಗಿ ಲಿಂಬೆಹಣ್ಣು ಕೊಯ್ದು ಒಂದು ಹೋಳು ಕಚ್ಚಿದೆ. ಇನ್ನರ್ಧ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರೆ ಪಡಸಾಲೆಯ ನೆಲದ ತುಂಬ ಬೋಗುಣಿ, ತಂಬಿಗೆ, ಪರಾತ. ಒಂದಕ್ಕೂ ಒಂದು ಹನಿ ನೀರು ಬಿದ್ದಿರಲಿಲ್ಲ. ಅವ್ವ ಬಾಗಿಲ ಚೌಕಟ್ಟು ಹಿಡಿದು ಮಳೆ ನೋಡುತ್ತಾ ನಿಂತಿದ್ದಳು.

‘ಅವ್ವಾ, ಸ್ಲ್ಯಾಬ್ ಐತಿ, ಸೋರಂಗಿಲ್ಲ. ಯಾಕ ಇಟ್ಟಿ ಇವನ್ನ?’ ಅಂದೆ.

ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ. ತಿರುಗಿ ನೆಲ ನೋಡಿದಳು. ಒಂದೊಂದೇ ಪಾತ್ರೆಯ ಮೇಲೆ ಕಣ್ಣಾಡಿಸಿದಳು, ಬೇರೆ ಯಾರದೋ ಮನೆಗೆ ಬಂದವರ ಹಾಗೆ.

‘ನಾ ಯಾವಾಗ ಇಟ್ಟೆ?’ ಅಂದಳು.

ಇಷ್ಟು ವರ್ಷ ನಾನು, ತಮ್ಮ ಇದನ್ನು ಹೇಳಿಕೊಂಡು ನಕ್ಕಿದ್ದೆವು. ಅವಳ ಹತ್ತಿರ ಹೋದೆ. ಕೈ ತಣ್ಣಗಿತ್ತು. ‘ಕಾಲ ಕೆಳಗ ಏನೈತಿ ಬೇ?’ ಅಂತ ಕೇಳಿದೆ. ಅವಳಿಗೆ ನನ್ನ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು. ಕೆಳಗೆ ನೋಡಿ, ‘ಹೊಸ್ತಿಲ’ ಅಂದಳು. ನಾನು ಕೈಯಲ್ಲಿದ್ದ ಅರ್ಧ ಲಿಂಬೆಹಣ್ಣು ಕೊಟ್ಟೆ. ಯಾಕೆ, ಏನು ಅಂತ ಕೇಳದೆ ಕಚ್ಚಿದಳು. ಒಂದು ಕಣ್ಣು ಮುಚ್ಚಿ, ಮುಖ ಕಿವುಚಿದಳು.

‘ಹುಳಿ ಐತಿ’ ಅಂದಳು.